ಅಣ್ಣೆ ಹೂವಿನ ಹೋರಿ

ಹೋರಿಯ ಮೈಗೆ ಎಷ್ಟು ಹೂ ಬೇಕು ಎಂದು ಲೆಕ್ಕ ಹಾಕಿದವನು ನಾನು. ಹೊಟ್ಟೆಯನ್ನು ಒಂದು ಪೀಪಾಯಿ ಎಂದುಕೊಂಡೆ, ಕುತ್ತಿಗೆಯನ್ನು ತುದಿ ಕತ್ತರಿಸಿದ ಶಂಕು ಎಂದುಕೊಂಡೆ, ಕಾಲುಗಳನ್ನು ನಾಲ್ಕು ಕೊಳವೆ ಎಂದುಕೊಂಡೆ. ಒಂದು ಚದರ ಅಡಿ ರಟ್ಟಿನ ಮೇಲೆ ಚೆಂಡುಹೂ ಒತ್ತೊತ್ತಾಗಿ ಜೋಡಿಸಿ ಎಣಿಸಿದೆ, ಗುಣಿಸಿದೆ, ಉದುರಿ ಹಾಳಾಗುವುದಕ್ಕೆಂದು ಕಾಲುಭಾಗ ಹೆಚ್ಚಿಗೆ ಸೇರಿಸಿದೆ. ಆ ನೋಟ್‌ಬುಕ್ ಇನ್ನೂ ನನ್ನ ಮೇಜಿನ ಮೇಲಿದೆ. ಲೆಕ್ಕದಲ್ಲಿ ಒಂದೇ ಒಂದು ತಪ್ಪಿಲ್ಲ. ಅದನ್ನು ತೆರೆದಾಗಲೆಲ್ಲ ಮೂಗಿಗೆ ಕೊಳೆತ ವಾಸನೆ ಬಡಿಯುತ್ತದೆ.

ಆ ವರ್ಷ ಕಡೂರಿನ ರಾಜ್ಯೋತ್ಸವದ ಮೆರವಣಿಗೆಗೆ ತರೀಕೆರೆ, ಅಜ್ಜಂಪುರದವರನ್ನೂ ಕರೆದಿದ್ದರು. ತರೀಕೆರೆಯವರು ಪ್ರತಿ ಸಲದಂತೆ ಥರ್ಮಕೋಲಿನಲ್ಲಿ ಅಮೃತಾಪುರದ ದೇವಸ್ಥಾನ ಕೊರೆದು ತರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅಜ್ಜಂಪುರದವರು ಈರುಳ್ಳಿಯಲ್ಲೇ ಏನೋ ಮಾಡುತ್ತಾರೆಂಬ ಸುದ್ದಿಯಿತ್ತು. ನಾವು, ಕಡೂರಿನ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಬಳಗದವರು, ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಎಮ್ಮೆದೊಡ್ಡಿಯ ದನ ಮೇಯುವ ಕಾವಲಿನ ಅಮೃತಮಹಲ್ ಹೋರಿಯ ಬೊಂಬೆ ನಿಲ್ಲಿಸಿ ಮೈಯೆಲ್ಲ ಹೂವಿನಿಂದ ಮುಚ್ಚುವುದೆಂದು ತೀರ್ಮಾನಿಸಿದೆವು. ಇಪ್ಪತ್ತು ಚಿಲ್ಲರೆ ಜನ, ಯಾರಿಗೂ ಈ ಕೆಲಸ ಮೊದಲು ಮಾಡಿ ಗೊತ್ತಿಲ್ಲ. ನನಗೆ ಮೆರವಣಿಗೆಗಳೆಂದರೆ ಆಗುವುದಿಲ್ಲ. ಆದರೆ ರಜೆಯಲ್ಲಿ ಸುಮ್ಮನೆ ಕೂರುವುದೂ ಆಗುವುದಿಲ್ಲ. ರಸಾಯನಶಾಸ್ತ್ರ ಓದಿದವನು, ಪಾಠ ಮಾಡುವವನು ಎಂದು ತಾಂತ್ರಿಕ ಜವಾಬ್ದಾರಿ ನನಗೇ ಬಂತು. ನಾನೂ ಬೇಡವೆನ್ನಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನನ್ನ ನೆನಪನ್ನು ನಾನು ನಂಬುವುದಿಲ್ಲ. ಈ ಕೆಲಸ ಮುಗಿದ ಮೇಲಂತೂ ಇನ್ನೂ ನಂಬುವುದಿಲ್ಲ. ಹಾಗಾಗಿ ಇಲ್ಲಿ ಬರೆದದ್ದನ್ನೆಲ್ಲ ಫೋನಿನಲ್ಲಿರುವ ಫೋಟೊಗಳ ಜೊತೆ, ನೋಟ್‌ಬುಕ್ಕಿನ ಜೊತೆ, ನಮ್ಮ ಬಳಗದಲ್ಲೇ ಇದ್ದ ನಿವೃತ್ತ ಶಿಕ್ಷಕಿಯೊಬ್ಬರ ಜೊತೆ ತಾಳೆ ನೋಡಿದ್ದೇನೆ. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತೇವೆ. ತಾಳೆ ಬೀಳದ ಕಡೆ ಅವರು ಹೇಳಿದ್ದನ್ನೇ ಉಳಿಸಿದ್ದೇನೆ.

ಮೊದಲು ಅಳತೆ. ನಾನೂ ಟೀಚರೂ ಎಮ್ಮೆದೊಡ್ಡಿಗೆ ಹೋದೆವು. ಕಾವಲಿನಲ್ಲಿ ದನ ಮೇಯಿಸುತ್ತಿದ್ದ ಮುದುಕರೊಬ್ಬರು, ನಾನು ದೂರದಿಂದಲೇ ಒಂದು ಹೋರಿಯ ಫೋಟೊ ತೆಗೆದು, ಟೇಪು ಹಿಡಿದು ನೆರಳು ಅಳೆಯುವುದನ್ನು ನೋಡಿ ನಕ್ಕರು.

"ಅದೇನು ಮೇಷ್ಟ್ರೇ, ಹೋರಿಗೆ ಜುಬ್ಬ ಹೊಲಿಸ್ತೀರಾ?"

ನಾನು ನನ್ನ ಚಿತ್ರ ತೋರಿಸಿದೆ. ಅವರು ಅದನ್ನು ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು.

"ಕೊಂಬು ಹಿಂಗೆ ಅಕ್ಕಪಕ್ಕ ಚಾಚಿದ್ರೆ ಇದು ಯಾವೂರು ದನ ಕಣಪ್ಪಾ? ನಮ್ದ್ರ ಕೊಂಬು ಬುಡದಾಗೆ ಹತ್ರ ಹತ್ರ ಇರ್ತವೆ. ಹಿಂದಕ್ಕೆ ಬಾಗಿ ಮ್ಯಾಲಕ್ಕೆ ಎದ್ದಿರ್ತವೆ, ಕತ್ತಿ ಇದ್ದಂಗೆ."

ಆ ಕೊಂಬಿನಿಂದ ನನಗೊಂದು ತೊಡಕಾಯಿತು. ಟ್ರೇಲರಿನ ಎತ್ತರ, ಹೋರಿಯ ಎತ್ತರ, ಅದರ ಮೇಲೆ ಕೊಂಬು ಎಲ್ಲ ಸೇರಿದರೆ ಬಸ್‌ಸ್ಟ್ಯಾಂಡ್ ರಸ್ತೆಯ ಕರೆಂಟು ತಂತಿಗೆ ತಾಗುತ್ತಿತ್ತು. ಕೊನೆಗೆ ಪಿವಿಸಿ ಪೈಪನ್ನು ಬಿಸಿ ಮಾಡಿ ಬಗ್ಗಿಸಿ, ಬುಡಕ್ಕೊಂದು ಬೋಲ್ಟು ಹಾಕಿ, ತಂತಿ ಬಂದಾಗ ಹಿಂದಕ್ಕೆ ಮಡಚುವ ಹಾಗೆ ಮಾಡಿದೆವು. ಮೈಗೆ ಕಬ್ಬಿಣದ ಸರಳು ಬಗ್ಗಿಸಿ ಬೆಸುಗೆ ಹಾಕಿಸಿದೆವು, ಅದರ ಮೇಲೆ ಕೋಳಿ ಗೂಡಿನ ಜಾಲರಿ, ಅದರ ಮೇಲೆ ಗೋಣಿತಟ್ಟು ಹೊಲಿದೆವು. ಇಷ್ಟರವರೆಗೆ ಕೆಲಸ ಚೆನ್ನಾಗಿಯೇ ಇತ್ತು. ಈ ದಿನಗಳ ಫೋಟೊಗಳಲ್ಲಿ ಎಲ್ಲರೂ ನಗುತ್ತಿದ್ದಾರೆ.

ಕೆಲಸ ನಡೆದದ್ದು ಬಳಗದ ಅಧ್ಯಕ್ಷರ ಕೊಬ್ಬರಿ ಗೋದಾಮಿನಲ್ಲಿ. ಅವರು ಕೊಬ್ಬರಿ ವ್ಯಾಪಾರಿ. ಪಕ್ಕದ ಬೀದಿಯ ಗುಡಿಯ ಸಮಿತಿಗೂ ಅವರದೇ ಯಜಮಾನಿಕೆ. ಗೋದಾಮಿನ ಮೂಲೆಗೆ ಎಲೆಅಡಿಕೆ ಉಗಿಯುತ್ತ ನಾಡು, ನುಡಿ, ಸಂಸ್ಕೃತಿ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ನಾವು ಗೋಣಿತಟ್ಟು ಹೊಲಿಯಲು ಕೂರುತ್ತಿದ್ದುದು ಆ ಮೂಲೆಯಿಂದ ಎರಡು ಮಾರು ದೂರದಲ್ಲಿ. ಹೋರಿಯ ಎಡಪಕ್ಕೆಗೆ ತಮ್ಮ ತಂದೆಯವರ ಫೋಟೊ ಇರುವ ಫ್ಲೆಕ್ಸ್ ಕಟ್ಟಬೇಕೆಂಬುದು ಅವರ ಆಸೆ. "ಪಕ್ಕೆ ತುಂಬ ಹೂ ಇರುತ್ತಲ್ಲ" ಎಂದೆ. "ಹೂವಿನ ಮ್ಯಾಲೆ ಕಟ್ರೀ" ಎಂದರು.

ಹೂವನ್ನೂ ಅವರೇ ಕೊಡಿಸಿದರು. ಅಜ್ಜಂಪುರದ ಕಡೆ ಹೋಗುವ ರಸ್ತೆಯಲ್ಲಿ ಅವರ ನೆಂಟರೊಬ್ಬರು ಚೆಂಡುಹೂ ಕೊಂಡು ಬಣ್ಣ ತೆಗೆಯುವ ಕಾರ್ಖಾನೆಗೆ ಕಳಿಸುತ್ತಿದ್ದರು. ಅಲ್ಲಿಂದ ನಲವತ್ತು ಚೀಲ ಪುಕ್ಕಟೆ ಬರುತ್ತದೆ ಎಂದರು. ನನ್ನ ಲೆಕ್ಕಕ್ಕೆ ಮೂವತ್ತೆಂಟು ಚೀಲ ಸಾಕಿತ್ತು. ಉಳಿದ ಬಿಡಿಹೂ, ಹೋರಿಯ ಕೊರಳಿಗೆ ಹಾಕುವ ಹಾರ, ಹಣೆಯ ಗೊಂಡೆ ಇವನ್ನು ಬಸ್‌ಸ್ಟ್ಯಾಂಡ್ ಮೂಲೆಯಲ್ಲಿ ಹೂ ಕಟ್ಟುವ ಹೆಂಗಸಿಗೆ ಹೇಳಿದ್ದೆವು. ಊರಿಗೆಲ್ಲ ಆಕೆ ಹೂವಿನಮ್ಮ. ಮದುವೆ ಮನೆಗಳಿಗೆ ಹಾರ ಕಟ್ಟುವುದು ಆಕೆಯೇ. ಅಧ್ಯಕ್ಷರ ಗುಡಿಗೆ ಕಾರ್ತಿಕವಿಡೀ ದಿನಕ್ಕೆ ಇಷ್ಟು ಮಾರು ಎಂದು ಹೂ ಕೊಡುವ ವರ್ತನೆಯೂ ಬಹಳ ವರ್ಷದಿಂದ ಆಕೆಯದೇ. ಇಡೀ ವರ್ಷದಲ್ಲಿ ಆಕೆಗೆ ಗಟ್ಟಿಯಾಗಿ ಸಿಗುವ ಕೆಲಸ ಅದೊಂದು ತಿಂಗಳಿನದು.

ಮೆರವಣಿಗೆಗೆ ನಾಲ್ಕು ದಿನ ಇರುವಾಗ ಚೀಲಗಳು ಬಂದವು. ಪ್ಲಾಸ್ಟಿಕ್ ಚೀಲ, ಬಾಯಿ ಬಿಗಿದು ಕಟ್ಟಿದ್ದು, ತುಳಿದು ತುಂಬಿದ್ದು. ಹೂವಿನಮ್ಮ ಹಾರದ ಅಳತೆಗೆಂದು ಆಗ ಅಲ್ಲಿಯೇ ಇದ್ದರು, ಅದು ಫೋಟೊದಲ್ಲೂ ಇದೆ. ಅವರು ಒಂದು ಚೀಲದ ಹೊಟ್ಟೆ ಒತ್ತಿ ನೋಡಿ ಏನೋ ಹೇಳಿದರು. ನೀರು ಎಂಬ ಮಾತು ಅದರಲ್ಲಿತ್ತು. ಆಮೇಲೆ ಗೋದಾಮಿನ ಆಳುಗಳು ಚೀಲಗಳ ಮೇಲೆ ಪೈಪಿನಿಂದ ನೀರು ಬಿಟ್ಟರು. ಬಾಗಿಲು ಎಳೆದುಕೊಂಡು ಹೋದರು. ಹೂ ಅಂಟಿಸುವ ಕೆಲಸ ಎರಡು ದಿನ ಬಿಟ್ಟು. ಅದೇ ದಿನ, ಹೊರಡುವ ಮೊದಲು, ಹೊಟ್ಟೆಯ ಕೆಳಗೊಂದು ಸಣ್ಣ ಜಾಗದಲ್ಲಿ ಮೈದಾ ಅಂಟು ಬಳಿದು ಪರೀಕ್ಷೆಗೆಂದು ಒಂದಿಷ್ಟು ಹೂ ಅಂಟಿಸಿ ಬಂದಿದ್ದೆವು.

ಎರಡು ದಿನ ಕಳೆದು ಬೆಳಿಗ್ಗೆ ಬಾಗಿಲು ತೆರೆದಾಗ ಮೊದಲು ಕಂಡದ್ದು ಆ ಪರೀಕ್ಷೆಯ ಜಾಗ. ಅಂಟು ಹುಳಿಯಾಗಿ ನೊರೆ ಬಂದಿತ್ತು. ಹೂ ಕಂದು ಬಣ್ಣಕ್ಕೆ ತಿರುಗಿ ಜೋತುಬಿದ್ದಿತ್ತು. ಜಿರಳೆಗಳು ಹೋರಿಯ ಹೊಟ್ಟೆಗೆ ಸಾಲುಗಟ್ಟಿದ್ದವು. ಅದು ಬರೀ ಮುನ್ನುಡಿ. ಮೊದಲ ಚೀಲದ ದಾರ ಕೊಯ್ದು ಒಳಗೆ ಕೈ ಹಾಕಿದೆ. ಒಳಗೆ ಬಿಸಿ. ಸ್ನಾನದ ನೀರಿನಷ್ಟು ಬಿಸಿ. ಮೊಣಕೈವರೆಗೆ ಇಳಿದ ಕೈಗೆ ಹೂ ಸಿಗಲಿಲ್ಲ, ಲೋಳೆ ಸಿಕ್ಕಿತು. ಆ ಲೋಳೆಯೊಳಗೆ ಏನೋ ಅಲುಗುತ್ತಿತ್ತು. ಕೈ ಹೊರಗೆ ತೆಗೆದಾಗ ಕಪ್ಪು ರಸ ಮೊಣಕೈಯಿಂದ ತೊಟ್ಟಿಕ್ಕಿತು, ಬಿಳಿ ಹುಳುಗಳು ಬೆರಳ ಸಂದಿಯಲ್ಲಿದ್ದವು. ಆ ವಾಸನೆ ಏನೆಂದು ಹೇಳಲಿ? ಹಳೆಯ ಬೆಣ್ಣೆ, ಸತ್ತ ಇಲಿ, ಬಸ್‌ಸ್ಟ್ಯಾಂಡಿನ ಮೂತ್ರಿ, ಇವುಗಳ ನಡುವೆ ಎಲ್ಲೋ ಒಂದೆಳೆ ಹಬ್ಬದ ಬಾಗಿಲ ತೋರಣದ ವಾಸನೆ. ಆ ಕೊನೆಯದೇ ಹೆಚ್ಚು ಹೇಸಿಗೆ ಹುಟ್ಟಿಸಿತು. ಗಾಳಿಯಿಲ್ಲದ ಕಡೆ ಒದ್ದೆ ಹೂ ಹುದುಗಿದರೆ ಯಾವ ಆಮ್ಲ ಹುಟ್ಟುತ್ತದೆ ಎಂದು ಹೆಸರು ಸಮೇತ ನನಗೆ ಗೊತ್ತು. ಹೊರಗೆ ಹೋಗಿ ವಾಂತಿ ಮಾಡಿಕೊಂಡೆ.

ನಲವತ್ತರಲ್ಲಿ ಮೂವತ್ತೇಳು ಚೀಲ ಹಾಗೆಯೇ ಕೊಳೆತಿದ್ದವು.

ಹತ್ತು ಗಂಟೆಗೆ ಎಲ್ಲರೂ ಸೇರಿದರು. ಮೂಗಿಗೆ ಕರವಸ್ತ್ರ ಹಿಡಿದು, ಹೋರಿಯ ಕಾಲ ಬುಡದಲ್ಲೇ ಸಭೆ. ಯಾರೋ ಕೇಳಿದರು, "ಇದಕ್ಕೆ ನೀರು ಹುಯ್ಸಿದ್ದು ಯಾರು?" ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೇಳಿದೆ: "ಹೂವಿನಮ್ಮ ನೀರು ಹಾಕಿ ಅಂದಿದ್ರು."

ಆ ವಾಕ್ಯದ ಕೊನೆಗೆ "ಅನ್ಸುತ್ತೆ" ಎಂದು ಸೇರಿಸಿದ್ದೆ ಎಂದೇ ಬಹಳ ದಿನ ನಂಬಿದ್ದೆ. ಸೇರಿಸಿರಲಿಲ್ಲ ಎಂದು ಟೀಚರ್ ಹೇಳುತ್ತಾರೆ.

ಅಧ್ಯಕ್ಷರು ಮಾತನ್ನು ನೆಲಕ್ಕೆ ಬೀಳಲು ಬಿಡಲಿಲ್ಲ. ಹೂ ಅವರ ನೆಂಟರದು, ತಪ್ಪು ಬೇರೆಯವರ ತಲೆಗೆ ಹೋಗುವ ದಾರಿ ಸಿಕ್ಕಿತ್ತು. "ನಾನಾಗ್ಲೇ ಅಂದ್ಕೊಂಡೆ. ಬಂಗಾರದಂಥ ಹೂವ ಕೊಳೆಸಿ ಹಾಕವ್ಳೆ. ಗುಡೀಗೂ ಇಂಥವೇ ಕೊಡ್ತಾಳೋ ಏನೋ. ನಾಳೆಯಿಂದ ಗುಡಿಯ ವರ್ತನೆ ಅವಳಿಗೆ ಬ್ಯಾಡ" ಎಂದು ಅಲ್ಲೇ ನಿಂತು ಪೂಜಾರಿಗೆ ಫೋನು ಮಾಡಿದರು. ಟೀಚರ್ "ಒಂದ್ಸಲ ಅವ್ರನ್ನೇ ಕೇಳಿ" ಎಂದರು. "ಕೇಳೋದೇನು, ಎಮ್ಮೆಸ್ಸಿ ಓದಿರೋ ಮೇಷ್ಟ್ರೇ ಹೇಳ್ತಾವ್ರೆ" ಎಂದರು ಅಧ್ಯಕ್ಷರು. ಎಲೆಅಡಿಕೆ ಮೂಲೆಗೆ ಉಗಿದರು.

ನನಗೆ ನೆನಪಿದ್ದದ್ದು ಅದೇ ಅಲ್ಲವೇ ಎಂದು ಸಮಾಧಾನ ಹೇಳಿಕೊಂಡೆ.

ಸಂಜೆ ನಾಲ್ಕರ ಹೊತ್ತಿಗೆ ಹೂವಿನಮ್ಮ ಗೋದಾಮಿಗೇ ಬಂದರು. ಮೂಗು ಮುಚ್ಚಿಕೊಳ್ಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತರು.

"ಯಾರಪ್ಪಾ ನಾನು ನೀರು ಹುಯ್ರಿ ಅಂದಿದ್ದು ಕೇಳ್ದೋರು? ಎದ್ರಿಗೆ ಬಂದು ಹೇಳ್ಲಿ."

ಅಧ್ಯಕ್ಷರು ಇರಲಿಲ್ಲ. ಇದ್ದವರು ನಾನು, ಟೀಚರ್, ಇನ್ನು ನಾಲ್ಕೈದು ಜನ. ನಾನು ಹೋರಿಯ ಬಾಲದ ಬೋಲ್ಟು ಬಿಗಿಯುವವನಂತೆ ಬಗ್ಗಿದೆ. ಅದು ಆಗಲೇ ಬಿಗಿಯಾಗಿತ್ತು. ಅದನ್ನು ಬರೆಯಲು ನನಗೆ ಆ ಲೋಳೆಗಿಂತ ಹೆಚ್ಚು ಅಸಹ್ಯವಾಗುತ್ತದೆ.

"ಗುಡಿಯಿಂದ ಹೂವ ಬ್ಯಾಡ ಅಂತ ಹೇಳಿ ಕಳ್ಸವ್ರೆ. ಸೋಮವಾರ ದೀಪ. ನಾನು ಸೇವಂತಿಗೆ ತರ್ಸಿ ಇಟ್ಕೊಂಡಿದೀನಿ. ಅದು ಹೋಗ್ಲಿ. ಕೊಳ್ತಿದ್ದು ಕೊಟ್ಳು ಅಂತ ಊರೆಲ್ಲ ಅಂದ್ರೆ ನಾಳೆ ಯಾವ ಮದ್ವೆ ಮನೇರು ನನ್ ಕೈಯಾಗೆ ಹಾರ ಕಟ್ಟುಸ್ತಾರೆ?"

ಟೀಚರ್ ಅವರನ್ನು ಕೈಹಿಡಿದು ಒಂದು ಸ್ಟೂಲಿನ ಮೇಲೆ ಕೂರಿಸಿದರು. ಕೂತವರು ಹೋರಿಯನ್ನೇ ನೋಡುತ್ತ ಹೋದರು. ಕೊಂಬು, ಡುಬ್ಬ, ಗಂಗೆದೊಗಲು. ಆಮೇಲೆ ಹೊಟ್ಟೆಯ ಕೆಳಗೆ ಒಣಗಿ ಅಂಟಿದ್ದ ಕಂದು ಹೂವಿನ ತೇಪೆ ಕಣ್ಣಿಗೆ ಬಿತ್ತು.

"ಅಲ್ಲಾ, ಕಾವಲು ಹೋರಿ ಯಾವತ್ತಪ್ಪಾ ಹಳದಿ ಇತ್ತು?"

ತಿಂಗಳಿಂದ ಅಳತೆ, ಎಣಿಕೆ, ಗುಣಾಕಾರ ಮಾಡಿದ್ದೆವು. ಬೂದುಬಿಳಿ ಹೋರಿಗೆ ಹಳದಿ ಹೂ ಹೊದಿಸಲು ಹೊರಟಿದ್ದೆವು ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

"ರಾಗಿ ಹೊಲದ ತುಂಬ ಅಣ್ಣೆ ಹೂವು ನಿಂತೈತೆ. ಹೋರಿ ಬಣ್ಣನೇ. ಕಿತ್ರೂ ಬಾಡಲ್ಲ, ಒಣಗಿದ್ರೂ ಬಣ್ಣ ಕೆಡಲ್ಲ. ದೀಪಾವಳೀಲಿ ಬಾಗ್ಲಾಗೆ ಸಗಣಿ ಉಂಡೆ ಇಟ್ಟು ಹೂವ ಸಿಕ್ಕಿಸ್ತೀವಲ್ಲ, ಮೊನ್ನೆ ತಾನೆ ನಿಮ್ಮನೇಲೂ ಇಟ್ಟಿರ್ತಾರೆ. ಅದೇನು ಅಂಟು ಹಾಕಿ ಅಂಟುಸ್ತೀವಾ? ಹಸೀ ಸಗಣಿ ಕಡ್ಡಿನ ಹಿಡ್ಕಂತದೆ. ಹೋರಿಗೆ ಸಗಣಿ ಬಳ್ದು ಸಿಕ್ಕಿಸ್ತಾ ಹೋಗಿ."

"ಇನ್ನು ಒಂದೇ ದಿನ ಇದೆ" ಎಂದೆ.

"ನಾನು ನಿಂತು ಮಾಡುಸ್ತೀನಿ ಮೇಷ್ಟ್ರೇ. ಆದ್ರೆ ಒಂದ್ ಮಾತು. ನೀರು ಹುಯ್ಸಿದ್ದು ಯಾರು ಅಂತ ನಾಕು ಜನದ ಮುಂದೆ ಗೊತ್ತಾಗ್ಬೇಕು. ಅದನ್ನ ನೀವೇ ಹುಡುಕಿ ಹೇಳಿ."

ನನ್ನನ್ನೇ ನೋಡಿ ಹೇಳಿದರೋ, ಎಲ್ಲರಿಗೂ ಹೇಳಿದರೋ ಗೊತ್ತಿಲ್ಲ. ನಾನು ಹೂಂ ಎಂದೆ.

ಮರುದಿನ ಬೆಳಕು ಹರಿಯುವಾಗಲೇ ಎರಡು ಟ್ರ್ಯಾಕ್ಟರು ಹೊರಟವು. ಒಂದು ಎಮ್ಮೆದೊಡ್ಡಿ ಕಡೆಗೆ ಸಗಣಿಗೆ, ಒಂದು ಯಗಟಿ ಕಡೆಗೆ ಹೂವಿಗೆ. ನಾನು ಯಗಟಿಯ ಟ್ರ್ಯಾಕ್ಟರಿನಲ್ಲಿದ್ದೆ. ಅಣ್ಣೆ ಆ ಕಡೆಯ ಹೊಲಗಳಿಗೆ ಕಳೆ. ರಾಗಿ ತೆನೆಗಿಂತ ಎತ್ತರಕ್ಕೆ, ಬತ್ತಿಯಂಥ ಬಿಳಿ ಹೂ, ತುದಿಗಷ್ಟೇ ನಸುಗೆಂಪು. ನಾವು ಹತ್ತು ಜನ ಹೊಲಕ್ಕಿಳಿದು ಬುಡಸಮೇತ ಕೊಯ್ಯುವುದನ್ನು ನೋಡಿ ಹೊಲದ ಹೆಂಗಸು ಓಡಿ ಬಂದರು. ಬೈಯುತ್ತಾರೆಂದು ನಾನು ಕೈ ಮುಗಿಯಲು ತಯಾರಾಗಿದ್ದೆ.

"ಪುಕ್ಸಟ್ಟೆ ಕಳೆ ಕೀಳೋರು ಬಂದವ್ರಲ್ಲಪ್ಪಾ! ಆ ಕಡೆ ನಮ್ ಭಾವನ ಹೊಲಾನೂ ಐತೆ, ಅದನ್ನೂ ಮುಗಿಸ್ಕೊಂಡೇ ಹೋಗಿ ಕಣ್ರೀ."

ಒಂಬತ್ತು ಗಂಟೆಗೆ ಗೋದಾಮಿಗೆ ಬಂದಾಗ ಸಗಣಿ ಬಂದಾಗಿತ್ತು. ಟ್ರೇಲರಿನ ಅರ್ಧದಷ್ಟು. ಅದಕ್ಕೆ ಕೆಮ್ಮಣ್ಣು, ಸಣ್ಣಗೆ ಕತ್ತರಿಸಿದ ರಾಗಿ ಹುಲ್ಲು ಬೆರೆಸಿ ಕಾಲಿನಲ್ಲಿ ತುಳಿದು ಹದ ಮಾಡಬೇಕು. ಹೂವಿನಮ್ಮ ನನ್ನ ಪ್ಯಾಂಟು ನೋಡಿದರು.

"ಮಡಿಚ್ಕೊಳ್ಳಿ ಮೇಷ್ಟ್ರೇ. ಪಾಠ ಮಾಡೋ ಕಾಲು ಅಂತ ಸಗಣಿಗೆ ಗೊತ್ತಾಗಲ್ಲ."

ಸಗಣಿಯಲ್ಲಿ ಶುದ್ಧಿ ಇದೆ, ಔಷಧ ಇದೆ ಎಂಬ ಮಾತುಗಳನ್ನು ನಾನು ತರಗತಿಯಲ್ಲಿ ಸಾಕಷ್ಟು ಗೇಲಿ ಮಾಡಿದ್ದೇನೆ. ಈಗಲೂ ಮಾಡುತ್ತೇನೆ. ಬೆಚ್ಚಗೆ, ಮೆತ್ತಗೆ ಅದು ಕಾಲ್ಬೆರಳ ಸಂದಿಯಿಂದ ಮೇಲೆ ಬರುವಾಗ ಮೈ ಜುಮ್ಮೆಂದಿತು. ಉಣ್ಣೆಹುಳವೊಂದು ಮೀನಖಂಡಕ್ಕೆ ಕಚ್ಚಿಕೊಂಡದ್ದು ಮಧ್ಯಾಹ್ನದವರೆಗೆ ತಿಳಿಯಲಿಲ್ಲ. ಆದರೆ ಕೊಳೆತ ಚೀಲದ ಪಕ್ಕದಲ್ಲಿ ನಿಂತು ತುಳಿಯುವಾಗ ಒಂದು ತಿಳಿಯಿತು. ಸಗಣಿಗೆ ತನ್ನದೇ ವಾಸನೆಯಿದೆ, ಅದು ಇನ್ಯಾವುದನ್ನೋ ಮುಚ್ಚಿಡುವ ವಾಸನೆಯಲ್ಲ.

ಗೋಣಿತಟ್ಟಿನ ಮೇಲೆ ಎರಡು ಬೆರಳು ದಪ್ಪ ಬಳಿಯುವುದು. ಕಡ್ಡಿಯನ್ನು ನಾಲ್ಕು ಬೆರಳುದ್ದ ಓರೆಯಾಗಿ ಕತ್ತರಿಸುವುದು. ಹೋರಿಯ ಕೂದಲು ಯಾವ ಕಡೆ ಮಲಗಿರುತ್ತದೋ ಆ ಕಡೆಗೆ ವಾಲಿಸಿ ಚುಚ್ಚುವುದು. ಇದು ಹೂವಿನಮ್ಮ ಹಾಕಿದ ಕ್ರಮ. ಕೆಳಗಿನ ಸಾಲು ಮೊದಲು, ಆಮೇಲೆ ಮೇಲಿನ ಸಾಲು ಅದರ ಬುಡವನ್ನು ಮುಚ್ಚುತ್ತ ಹೋಗಬೇಕು. ಬೆನ್ನು, ಪಕ್ಕೆ ಹನ್ನೊಂದೂವರೆಗೆಲ್ಲ ತುಂಬಿದವು. ಹೊಟ್ಟೆಯ ಕೆಳಭಾಗ ಕೈಕೊಟ್ಟಿತು. ಬಳಿದ ಸಗಣಿ ಹೂವಿನ ಸಮೇತ ತೊಪ್ಪನೆ ಕಳಚಿ ಬಿತ್ತು, ಅದೂ ಕೆಳಗೆ ಮಲಗಿ ಚುಚ್ಚುತ್ತಿದ್ದ ನನ್ನ ಮುಖದ ಮೇಲೆ. ಎಲ್ಲರೂ ನಕ್ಕರು. ನಾನು ಹುಲ್ಲು ಹೆಚ್ಚಿಸೋಣ, ಮಣ್ಣು ಕಡಿಮೆ ಮಾಡೋಣ ಎಂದು ಹದ ಬದಲಿಸಿ ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ಬಿತ್ತು. ಹೂವಿನಮ್ಮ ಒಂದಿಷ್ಟು ಬಾಳೆಪಟ್ಟೆ ಸೀಳಿ, ಹೂವನ್ನು ಹಾರ ಕಟ್ಟುವ ಹಾಗೆ ಎರಡು ಮಾರುದ್ದ ಒತ್ತಾಗಿ ಕಟ್ಟಿ, ಆ ಸರಗಳನ್ನು ಜಾಲರಿಗೆ ಹೊಟ್ಟೆಯಡಿಯಿಂದ ಬಿಗಿದರು. ಸಗಣಿಯೇ ಬೇಕಾಗಲಿಲ್ಲ. ಕುತ್ತಿಗೆ, ಡುಬ್ಬದ ಕಪ್ಪಿಗೆ ಒಣಗಿದ ರಾಗಿ ತೆನೆ ಚುಚ್ಚಿದೆವು. ಕಣ್ಣಿಗೆ ತೆಂಗಿನ ಚಿಪ್ಪು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫೋನು, ಜಾಗ ತುಂಬಿದೆ, ಇನ್ನು ಫೋಟೊ ತೆಗೆಯಲಾಗದು ಎಂದಿತು. ಗೋದಾಮಿನ ಹಿಂದಿನ ಕಟ್ಟೆಯ ಮೇಲೆ ಕೂತು ಹಳೆಯದನ್ನು ಅಳಿಸತೊಡಗಿದೆ. ಚೀಲ ಬಂದ ದಿನ, ಗೋದಾಮಿನೊಳಗಿದ್ದ ಆಳುಗಳಿಗೆಂದು ನಾನು ಅಂಗಳದಲ್ಲಿ ಬೈಕ್ ಹತ್ತುವ ಮೊದಲು ಕಳಿಸಿದ್ದ ಒಂದು ಧ್ವನಿ ಸಂದೇಶ ಸಿಕ್ಕಿತು. ಅದನ್ನು ಕಳಿಸಿದ್ದು ನನಗೆ ನೆನಪೇ ಇರಲಿಲ್ಲ. ಒತ್ತಿದೆ.

ನನ್ನದೇ ಗಂಟಲು. ತರಗತಿಯ ಗಂಟಲು. "ಎಲ್ಲಾ ಚೀಲಕ್ಕೂ ಚೆನ್ನಾಗಿ ನೀರು ಹೊಡೀರಿ. ನೀರು ಆವಿಯಾದ್ರೆ ತಂಪಾಗುತ್ತೆ. ಚೀಲ ಬಿಚ್ಚೋದು ಬೇಡ, ಧೂಳಾಗುತ್ತೆ." ಅದರ ಹಿಂದೆ, ಸ್ವಲ್ಪ ದೂರದಿಂದ, ಹೆಂಗಸಿನ ದನಿ: "ಹುಯ್ಬ್ಯಾಡಿ ಕಣಪ್ಪಾ, ಇದು ಕಾರ್ಖಾನೆ ಹೂವು, ಒಳ್ಗೆ ಬೇಯ್ತಾ ಐತೆ. ಬಿಚ್ಚಿ ಒದ್ದೆ ಬಟ್ಟೆ ಮ್ಯಾಲೆ ಹರ್ಡಿ." ಅದರ ಮೇಲೆ ಮತ್ತೆ ನಾನು: "ಆಯ್ತು ಆಯ್ತಮ್ಮಾ. ಹೊಡೀರಿ ನೀವು."

ಮೂರು ಸಲ ಕೇಳಿದೆ. ಮೂರನೆಯ ಸಲ ಕೇಳುವಾಗಲೂ ನನ್ನ ತಲೆಯೊಳಗಿದ್ದ ಚಿತ್ರ ಬದಲಾಗಲಿಲ್ಲ. ಅದರಲ್ಲಿ ಈಗಲೂ ಹೂವಿನಮ್ಮ ಚೀಲದ ಮೇಲೆ ಕೈಯಿಟ್ಟು ನೀರು ಹಾಕಿ ಎನ್ನುತ್ತಿದ್ದರು. ಅಷ್ಟು ಸ್ಪಷ್ಟವಾಗಿ, ಸೀರೆಯ ಬಣ್ಣದ ಸಮೇತ. ಫೋಟೊ ತೆಗೆದು ನೋಡಿದೆ. ಸೀರೆಯ ಬಣ್ಣವೂ ಬೇರೆ.

ಅಳಿಸುವ ಗುಂಡಿಯ ಮೇಲೆ ಬೆರಳಿತ್ತು. ಅಳಿಸಲಿಲ್ಲ. ಹೇಳಲೂ ಇಲ್ಲ. ಎದ್ದು ಹೋಗಿ ಅವರ ಪಕ್ಕದಲ್ಲೇ ಕೂತು ಸಂಜೆವರೆಗೆ ಹೂ ಚುಚ್ಚಿದೆ. ಅವರು ನನಗೆ ಓರೆ ಹೇಗೆ ಹಿಡಿಯಬೇಕೆಂದು ತಿದ್ದುತ್ತಿದ್ದರು, ನಾನು ಸರಿ ಸರಿ ಎನ್ನುತ್ತಿದ್ದೆ. ಕೆಲಸ ಮುಗಿಯಲಿ, ಈಗ ಹೇಳಿದರೆ ಕೆಲಸ ಕೆಡುತ್ತದೆ. ಇದು ನಾನು ನನಗೆ ಕೊಟ್ಟುಕೊಂಡ ಕಾರಣ. ಅಂಥ ಕಾರಣಗಳಿಗೂ ಒಂದು ವಾಸನೆ ಇರುತ್ತದೆ.

ಮೆರವಣಿಗೆಯ ಬೆಳಿಗ್ಗೆ ಬಾಗಿಲು ತೆರೆದಾಗ ಹೋರಿ ನಿಂತಿತ್ತು. ನಾನು ಸುಲಭಕ್ಕೆ ಮೆಚ್ಚುವವನಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಆ ಬೂದುಬಿಳಿ ಮೈ ಉಸಿರಾಡಿದ ಹಾಗೆ ಕಂಡಿತು. ಅಧ್ಯಕ್ಷರು ಫ್ಲೆಕ್ಸ್ ಹಿಡಿದು ಬಂದಿದ್ದರು. ನಾನು ಅವರನ್ನು ಪಕ್ಕಕ್ಕೆ ಕರೆದು ಸಂದೇಶ ಕೇಳಿಸಿದೆ. ಅರ್ಧಕ್ಕೇ ಫೋನು ವಾಪಸ್ ಕೊಟ್ಟರು.

"ಆಯ್ತು ಬಿಡಿ ಮೇಷ್ಟ್ರೇ. ನಿಮ್ ಮರ್ಯಾದೆನೂ ಉಳೀತು, ನಮ್ ನೆಂಟ್ರ ಮರ್ಯಾದೆನೂ ಉಳೀತು. ಈಗ್ಯಾಕೆ ಕೆದಕ್ತೀರಾ?"

"ಆಯಮ್ಮನ ವರ್ತನೆ?"

"ಬೇರೆಯೋರಿಗೆ ಹೇಳಿ ಆಗೈತೆ. ಕಟ್ರೀ ಫ್ಲೆಕ್ಸು."

ಫ್ಲೆಕ್ಸನ್ನು ಟೀಚರ್ ಇಸಿದುಕೊಂಡು ಟ್ರೇಲರಿನ ಹಿಂಬದಿಗೆ, ಚಕ್ರದ ಮೇಲೆ ಕಟ್ಟಿಸಿದರು. ನನ್ನ ಕೈಗೆ ಮೈಕು ಬಂತು. ಟ್ರ್ಯಾಕ್ಟರಿನಲ್ಲಿ ಕೂತು ಕಾವಲಿನ ಬಗ್ಗೆ, ಹೋರಿಯ ಬಗ್ಗೆ ಟೀಚರ್ ಬರೆದುಕೊಟ್ಟದ್ದನ್ನು ಓದುವುದು ನನ್ನ ಕೆಲಸ. ಬಸ್‌ಸ್ಟ್ಯಾಂಡ್ ಮೂಲೆ ಬಂತು. ತಂತಿ ಬಂದಾಗ ಕೊಂಬು ಮಡಚಿದರು, ಜನ ಚಪ್ಪಾಳೆ ತಟ್ಟಿದರು. ಹೂವಿನಮ್ಮ ತಮ್ಮ ಬುಟ್ಟಿಯ ಹಿಂದೆ ಎದ್ದು ನಿಂತಿದ್ದರು. ನಾನು ಚೀಟಿ ಬಿಟ್ಟು ಹೇಳಿದೆ: ಹೂವಿಗೆ ನೀರು ಹಾಕಿಸಿ ಕೊಳೆಸಿದ್ದು ನಾನು. ಬೇಡ ಅಂದವರು ಇವರು. ಈ ಹೋರಿ ಇವರ ಕೆಲಸ.

ಯಾರಿಗೂ ಕೇಳಿಸಲಿಲ್ಲ. ನಮ್ಮ ಹಿಂದೆಯೇ ತರೀಕೆರೆಯವರ ಥರ್ಮಕೋಲ್ ದೇವಸ್ಥಾನದ ಮೇಲೆ ನಾಲ್ಕು ದೊಡ್ಡ ಸ್ಪೀಕರುಗಳಿದ್ದವು. ಅದರ ಬಡಿತಕ್ಕೆ ನಮ್ಮ ಹೋರಿಯ ಅಣ್ಣೆ ಬೀಜ ಉದುರುತ್ತಿತ್ತು. ಹೂವಿನಮ್ಮ ಕಿವಿಗೆ ಕೈಯಿಟ್ಟು "ಏನಂದ್ರಿ?" ಎಂಬಂತೆ ಸನ್ನೆ ಮಾಡಿದರು. ಟ್ರ್ಯಾಕ್ಟರ್ ಮುಂದೆ ಹೋಯಿತು.

ಹೇಳಿಯಾಯಿತು ಎಂದು ಎದೆ ಹಗುರಾಯಿತು. ಅರ್ಧ ಫರ್ಲಾಂಗು ಹೋಗುವಷ್ಟರಲ್ಲಿ ಆ ಹಗುರವೇ ಹೇಸಿಗೆಯೆನಿಸಿತು. ಸ್ಪೀಕರು ಹಿಂದೆಯೇ ಇದೆ ಎಂದು ನನಗೆ ಗೊತ್ತಿರಲಿಲ್ಲವೇ? ಗಂಟೆಯಿಂದ ಕಿವಿ ಬಡಿಯುತ್ತಿತ್ತು. ಯಾರಿಗೂ ಕೇಳಿಸದ ಕಡೆ ನಿಂತು ನಿಜ ಹೇಳಿ, ಮುಂದೆ ಯಾವತ್ತಾದರೂ ನಾನು ಮೈಕಿನಲ್ಲೇ ಒಪ್ಪಿಕೊಂಡೆ ಎಂದು ನೆನೆಸಿಕೊಳ್ಳಬಹುದಿತ್ತು. ನನ್ನ ತಲೆ ಎಂಥ ನೆನಪು ಕಟ್ಟುತ್ತದೆ ಎಂದು ನಿನ್ನೆಯಷ್ಟೇ ನೋಡಿದ್ದೆ. ಮೈಕು ಟೀಚರ್ ಕೈಗೆ ಕೊಟ್ಟು, ಫೋನು ತೆಗೆದು, ಆ ಧ್ವನಿ ಸಂದೇಶವನ್ನು ಇಡೀ ಬಳಗದ ಗುಂಪಿಗೆ ಕಳಿಸಿದೆ. ಕೆಳಗೆ ಮೂರು ಸಾಲು ಬರೆದೆ: "ನೀರು ಹುಯ್ಯಿಸಿದ್ದು ನಾನು. ಹಿಂದೆ ಬೇಡ ಅನ್ನುತ್ತಿರುವವರು ಹೂವಿನಮ್ಮ. ನಾನು ಸಭೆಯಲ್ಲಿ ಹೇಳಿದ್ದು ಸುಳ್ಳು."

ಸುಳ್ಳು ಎಂಬ ಪದದ ಮುಂದೆ ಸ್ವಲ್ಪ ಹೊತ್ತು ತಡೆದೆ. ಗೊತ್ತಿದ್ದು ಹೇಳಿದ್ದಲ್ಲವಲ್ಲ ಎಂದು ಒಳಗಿನವನು ವಾದಿಸುತ್ತಿದ್ದ. ಆದರೆ ನಿನ್ನೆ ಮಧ್ಯಾಹ್ನದಿಂದ ಗೊತ್ತಿತ್ತು. ಪದ ಹಾಗೆಯೇ ಬಿಟ್ಟೆ.

ಸಂಜೆ ಟೀಚರ್ ತಮ್ಮ ಫೋನು ಹಿಡಿದು ಗುಡಿಗೆ ಹೋದರು. ಪೂಜೆಗೆ ಬಂದಿದ್ದವರ ಮುಂದೆಯೇ ಪೂಜಾರಿಗೆ ಅದನ್ನು ಕೇಳಿಸಿದರು, ಜೋರಾಗಿ, ಎರಡು ಸಲ. ಸೋಮವಾರದ ದೀಪಕ್ಕೆ ಹೂ ಹೂವಿನಮ್ಮನದೇ ಹೋಯಿತು. ಒಂದು ಮದುವೆ ಮನೆಯವರು ಮಾತ್ರ ಆ ಎರಡು ದಿನದಲ್ಲೇ ಬೇರೆಯವರಿಗೆ ಹೇಳಿಬಿಟ್ಟಿದ್ದರು, ಅದು ವಾಪಸ್ ಬರಲಿಲ್ಲ. ಅಧ್ಯಕ್ಷರು ನನ್ನ ಜೊತೆ ಮಾತು ಬಿಟ್ಟರು. ಹೋರಿ ಅವರ ಗೋದಾಮಿನ ಅಂಗಳದಲ್ಲೇ ಬಹಳ ದಿನ ನಿಂತಿತ್ತು. ಒಂದು ಹೂವೂ ಕೊಳೆಯಲಿಲ್ಲ. ಬೀಜ ಮಾತ್ರ ಉದುರುತ್ತಲೇ ಇತ್ತು, ಮುಂದಿನ ಮಳೆಗೆ ಅವರ ಅಂಗಳದ ತುಂಬ ಅಣ್ಣೆ ಎದ್ದಿತು ಎಂದು ಕೇಳಿದೆ.

ಸೋಮವಾರ ನಾನು ಬಸ್‌ಸ್ಟ್ಯಾಂಡ್ ಮೂಲೆಗೆ ಹೋದೆ. ಹೂವಿನಮ್ಮ ಗುಡಿಯ ಹೂ ಕಟ್ಟುತ್ತಿದ್ದರು. ಕ್ಷಮಿಸಿ ಎಂದು ಹೇಳಲು ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ತಲೆ ಎತ್ತದೆಯೇ ಕೇಳಿದರು:

"ಮೇಷ್ಟ್ರೇ, ನಿಮ್ ಫೋನಾಗೆ ನನ್ ಮಾತು ಇತ್ತಲ್ಲ. ನಿಮ್ ತಲೆಯಾಗೆ ಯಾಕೆ ಇರ್ಲಿಲ್ಲ?"

ಆಮೇಲೆ ಬಾಳೆನಾರಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಬಿಗಿಯಾಗಿ ಹಿಡ್ಕೊಳ್ಳಿ, ಅಲ್ಲಾಡಿಸ್ಬ್ಯಾಡಿ" ಎಂದರು. ಹಿಡಿದುಕೊಂಡು ನಿಂತೆ.